ಶ್ರುತಿ ಏರಿದ ಮಧ್ಯಾಹ್ನ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಶ್ರುತಿ ಪೆಟ್ಟಿಗೆಯ ದನಿ ಏರತೊಡಗಿತು. ಗಂಟೆ ಇಷ್ಟು ಖಚಿತವಾಗಿ ಗೊತ್ತಿರುವುದು ಗಡಿಯಾರ ನೋಡಿದ್ದರಿಂದಲ್ಲ. ಆಗಷ್ಟೇ ಪುಟವನ್ನು ಸೇವ್ ಮಾಡಿ ಕುರ್ಚಿಗೆ ಒರಗಿದ್ದೆ. ಎಷ್ಟೋ ದಿನಗಳ ಮೇಲೆ, ಸುಟ್ಟ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ಬೇರೊಂದಕ್ಕೆ ಜೋಡಿಸಿದಾಗ ಆ ಕಡತದ ಎದುರು ಆ ಸಮಯ ಕಾಣಿಸಿತು. ನೋಡಿದ ಕೂಡಲೇ ನನ್ನ ಕೈ ಮೌಸಿನಿಂದ ತಾನಾಗಿ ಹಿಂದೆ ಸರಿಯಿತು.

ಸಂಗೀತದ ಪುಸ್ತಕಗಳಿಗೆ ಸ್ವರಲಿಪಿ ಜೋಡಿಸುವುದು ನನ್ನ ವೃತ್ತಿಯಾಗಿತ್ತು. ಈಗ ನಿವೃತ್ತಳು. ಹೊಸದಾಗಿ ಈ ಕೆಲಸಕ್ಕೆ ಬಂದವರು ಫೋನು ಮಾಡಿ, ಯಾವ ಸಾಫ್ಟ್‌ವೇರ್ ಒಳ್ಳೆಯದು, ಚುಕ್ಕಿ ಕೂರಿಸುವುದು ಹೇಗೆ ಎಂದು ಕೇಳುತ್ತಾರೆ. ಹೇಳುತ್ತೇನೆ. ಹೇಳುವಾಗಲೆಲ್ಲ ಮನಸ್ಸು ಮಾತ್ರ ಆ ಮಧ್ಯಾಹ್ನಕ್ಕೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ. ಬೇರ್ಪಡಿಸಲು ನನಗೆ ಬರುವುದಿಲ್ಲ.

ಅರಸೀಕೆರೆಯಲ್ಲಿ ಶಿವನಂಜಪ್ಪನವರ ಅಚ್ಚುಕೂಟ ಇದ್ದದ್ದು ಅವರದೇ ಕೊಬ್ಬರಿ ಗೋದಾಮಿಗೆ ಅಂಟಿಕೊಂಡ ಉದ್ದನೆಯ ಹಾಲಿನಲ್ಲಿ. ಕೊಬ್ಬರಿ ಅವರ ಮನೆತನದ ವ್ಯಾಪಾರ, ಅಚ್ಚುಕೂಟ ಅವರ ಖಯಾಲಿ. ಬಿ.ಎ. ಮುಗಿಸಿ ಬಾಣಾವರಕ್ಕೆ ಸೊಸೆಯಾಗಿ ಬಂದ ನಾನು ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಪ್ರೂಫ್ ನೋಡಲು ಸೇರಿದೆ. ದಿನವೂ ರೈಲಿನಲ್ಲಿ ಓಡಾಟ. ಚಿಕ್ಕಂದಿನಲ್ಲಿ ವೀಣೆ ಕಲಿತದ್ದು ನೆರವಿಗೆ ಬಂತು. ಬೇಲೂರಿನ ಸಂಗೀತ ಶಿಕ್ಷಕಿ ಪದ್ಮಾವತಮ್ಮನವರು ಪರೀಕ್ಷೆ ಕಟ್ಟುವ ಮಕ್ಕಳಿಗಾಗಿ ಬರೆದ ಪಾಠದ ಪುಸ್ತಕ ಆಗ ಅಚ್ಚಿಗೆ ಬಂದಿತ್ತು. ಅವರನ್ನು ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು.

ಸ್ವರಲಿಪಿ ಎಂದರೆ ಸ ರಿ ಗ ಮ ಬರೆದು ಮುಗಿಸುವುದಲ್ಲ. ಅಕ್ಷರದ ತಲೆಯ ಮೇಲೆ ಚುಕ್ಕಿ ಇದ್ದರೆ ಮೇಲಿನ ಸ್ಥಾಯಿ, ಬುಡದಲ್ಲಿದ್ದರೆ ಕೆಳಗಿನದು. ಮೇಲೆ ಗೆರೆ ಎಳೆದರೆ ಎರಡನೇ ಕಾಲ, ಅಂದರೆ ವೇಗ ಇಮ್ಮಡಿ. ಸ್ವರ ಎಳೆಯಬೇಕಾದಲ್ಲಿ ಅಲ್ಪವಿರಾಮ, ತಾಳದ ಭಾಗ ಮುಗಿದಲ್ಲಿ ನಿಂತ ಗೆರೆ. ಚುಕ್ಕಿಯೊಂದು ಬಿದ್ದುಹೋದರೆ ಮಗು ಮೇಲೆ ಹಾಡಬೇಕಾದದ್ದನ್ನು ಕೆಳಗೆ ಹಾಡುತ್ತದೆ. ಅದನ್ನೇ ಬಾಯಿಪಾಠ ಮಾಡುತ್ತದೆ.

ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಈ ಚುಕ್ಕಿಗಳನ್ನು ಮಾಡುತ್ತಿದ್ದವನು ಹಳೇಬೀಡಿನ ಗಂಗಾಧರ. ಪೂರ್ಣವಿರಾಮದ ಮೊಳೆಯನ್ನು ಅರದಿಂದ ಉಜ್ಜಿ ಸಣ್ಣದು ಮಾಡಿ ಅಕ್ಷರದ ಮೇಲಿನ ಸಾಲಿನಲ್ಲಿ ಕೂರಿಸುತ್ತಿದ್ದ. ಊರಿನ ಭಜನೆಯಲ್ಲಿ ಮೃದಂಗ ಬಾರಿಸುವವನು; ನಡೆದರೂ ತಾಳಕ್ಕೇ ನಡೆಯುತ್ತಿದ್ದ. ಮೊದಲ ಕರಡು ನೋಡಿ ಶಿವನಂಜಪ್ಪನವರು, "ಏನಯ್ಯಾ, ಎಲ್ಲಾ ಅಕ್ಷರದ್ ತಲೆ ಮ್ಯಾಲೂ ನೊಣ ಕೂರ್ಸಿದ್ದೀಯಲ್ಲ" ಎಂದರು.

"ಓಡಿಸ್ಬ್ಯಾಡಿ ಸಾಹುಕಾರ್ರೆ, ಅವು ಹಾರೋದ್ರೆ ಹಾಡೂ ಹಾರೋಯ್ತದೆ" ಎಂದ ಗಂಗಾಧರ.

ದಶಕದ ನಡುವೆ ಕಂಪ್ಯೂಟರ್ ಬಂತು. ಅಕ್ಷರಕ್ಕೊಂದು ಖಾನೆಯಿದ್ದ ಮೊಳೆಯ ಮರದ ಕೇಸುಗಳನ್ನು ಖಾಲಿ ಮಾಡಿ ಗೋಡೆಗೆ ಒರಗಿಸಿಟ್ಟೆವು. ಪುಟ ವಿನ್ಯಾಸದ ತಂತ್ರಾಂಶದಲ್ಲಿ ಕನ್ನಡ ಅಕ್ಷರವಿತ್ತು, ಸ್ವರದ ಚುಕ್ಕಿ ಇರಲಿಲ್ಲ. ಫಾಂಟ್ ತಯಾರಿಸುವ ಇನ್ನೊಂದು ತಂತ್ರಾಂಶ ತರಿಸಿ, ಅಗಲವೇ ಇಲ್ಲದ ಚುಕ್ಕಿಗಳನ್ನು ನಾನೇ ಬರೆದೆ. ಚುಕ್ಕಿ ಒತ್ತಿದರೆ ಜಾಗ ತೆಗೆದುಕೊಳ್ಳದೆ ಹಿಂದಿನ ಅಕ್ಷರದ ಮೇಲೆ ಹೋಗಿ ಕೂರಬೇಕು. 'ಸ'ದ ಮೇಲೆ ಸರಿಯಾಗಿ ಕೂತದ್ದು 'ನಿ'ಯ ಗುಡಿಸಿನೊಳಗೆ ಹುದುಗಿಕೊಳ್ಳುತ್ತಿತ್ತು. ಕೊನೆಗೆ ಪ್ರತಿ ಸ್ವರಕ್ಕೂ ಬೇರೆ ಚುಕ್ಕಿ ಮಾಡಬೇಕಾಯಿತು. ಗಂಗಾಧರ ಕೀಲಿಮಣೆಯನ್ನೂ ಮೊಳೆಯ ಕೇಸಿನಂತೆ ಕಂಡು, ಯಾವ ಕೀಲಿಯಲ್ಲಿ ಯಾವ ಚುಕ್ಕಿ ಎಂಬುದನ್ನು ಬೆರಳಿನಲ್ಲೇ ಕಲಿತ.

ಅಮ್ಮನ ಮೊದಲ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸಿ, ಅಚ್ಚಿಗೆ ಬೇಕಾದ ಫಿಲ್ಮ್ ತೆಗೆಸಲು ಕಳಿಸಿದಾಗ ಆದದ್ದನ್ನೂ ಹೇಳಿಬಿಡುತ್ತೇನೆ. ಫಿಲ್ಮ್ ತೆಗೆಯುವವರ ಯಂತ್ರದಲ್ಲಿ ನಮ್ಮ ಫಾಂಟ್ ಇರಲಿಲ್ಲ. ಯಂತ್ರ ತನಗೆ ತಿಳಿದ ಫಾಂಟನ್ನು ಹಾಕಿಕೊಂಡು ಎಲ್ಲ ಚುಕ್ಕಿಗಳನ್ನೂ ನುಂಗಿತು. ಅಮ್ಮ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ, "ಇದೇನ್ರೋ, ನನ್ನ ಹಾಡನ್ನೆಲ್ಲ ಬಾವಿಗೆ ಇಳಿಸಿಬಿಟ್ಟಿದ್ದೀರಿ" ಎಂದರು. ನಾವು ಮೂವರೂ ಕೂತು ಕಪ್ಪು ಇಂಕಿನ ಪೆನ್ನಿನಲ್ಲಿ ಫಿಲ್ಮಿನ ಮೇಲೇ ಒಂದೊಂದಾಗಿ ಚುಕ್ಕಿ ಇಟ್ಟೆವು. ಈಗಿನವರಿಗೆ ನಾನು ಹೇಳುವ ಮೊದಲ ಮಾತು ಅದೇ: ಕಡತದ ಜೊತೆ ಫಾಂಟನ್ನೂ ಕಳಿಸಿ. ಆಗ ಅದೇ ನನ್ನ ಜೀವನದ ದೊಡ್ಡ ಅನಾಹುತ ಎಂದುಕೊಂಡಿದ್ದೆ.

ಪ್ರೂಫನ್ನು ನಾವು ಹಾಡಿಯೇ ನೋಡುತ್ತಿದ್ದೆವು. ಇದು ಅಮ್ಮನ ಕಟ್ಟಳೆ. "ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಓದಿಬಿಡುತ್ತೆ, ಬಾಯಿ ಹಾಗೆ ಮಾಡೋಲ್ಲ" ಎನ್ನುತ್ತಿದ್ದರು. ಅವರು ಬೇಲೂರಿನಿಂದ ಬರುವ ಬಸ್ಸಿಗೆ ಹಳೇಬೀಡಿನಲ್ಲಿ ಗಂಗಾಧರ ಹತ್ತುತ್ತಿದ್ದ. ಇಬ್ಬರೂ ಒಟ್ಟಿಗೆ ಬಂದಿಳಿಯುವರು. ಅಮ್ಮ ಮರದ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಚ್ಚಾದ ಪುಟವನ್ನು ಇದ್ದದ್ದು ಇದ್ದಂತೆ ಹಾಡುವರು. ನಾನು ಹಸ್ತಪ್ರತಿಯ ಮೇಲೆ ಬೆರಳಿಟ್ಟು ಕೇಳಿಸಿಕೊಳ್ಳುವೆ. ಗಂಗಾಧರ ಕಂಪ್ಯೂಟರಿದ್ದ ಕಬ್ಬಿಣದ ಮೇಜಿನ ಪಕ್ಕ ನಿಂತು ತಾಳ ಹಾಕುವನು. ಎಂಟು ಎಣಿಕೆಗೆ ಸರಿಯಾಗಿ ಸಾಲು ಮುಗಿಯದಿದ್ದರೆ ಅಲ್ಲೊಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂದೇ ಅರ್ಥ.

ಸಂಗೀತ ನಡೆಯುವಲ್ಲಿ ಚಪ್ಪಲಿ ಮೆಟ್ಟಬಾರದು ಎಂಬುದೂ ಅಮ್ಮನದೇ ಮಾತು. ಮೂವರ ಚಪ್ಪಲಿಗಳೂ ಬಾಗಿಲಾಚೆ ಇರುತ್ತಿದ್ದವು.

ಗಂಗಾಧರನ ತಾಳಕ್ಕೆ ಒಂದು ರೀತಿ ಇತ್ತು. ಪೆಟ್ಟನ್ನು ಅಂಗೈಯಿಂದ ಮೇಜಿನ ಮೇಲೆ ಹೊಡೆಯುವನು. ಬೀಸು, ಅಂದರೆ ಸದ್ದಿಲ್ಲದ ಎಣಿಕೆ, ಬಂದಾಗ ಅಂಗೈ ತಿರುಗಿಸಿ ಮೇಜಿನ ಅಂಚನ್ನು ಕೆಳಗಿನಿಂದ ಹಿಡಿದು ಬಿಡುವನು. ವರ್ಷಗಟ್ಟಲೆ ಹೀಗೆ ಹೊಡೆದು ಹಿಡಿದು ಆ ಜಾಗದ ಹಸಿರು ಬಣ್ಣ ಪೂರ್ತಿ ಸವೆದು ಬರಿ ಕಬ್ಬಿಣ ಹೊಳೆಯುತ್ತಿತ್ತು. ಬಂದವರಿಗೆ ಅದನ್ನು ತೋರಿಸಿ ನಾವು ಹೆಮ್ಮೆಪಡುತ್ತಿದ್ದೆವು.

ಶ್ರುತಿಗೆ ಇದ್ದದ್ದು ಯಾರೋ ಕೈಯಲ್ಲಿ ಜೋಡಿಸಿಕೊಟ್ಟ ವಿದ್ಯುತ್ ಪೆಟ್ಟಿಗೆ. ವೋಲ್ಟೇಜು ಇಳಿದರೆ ಅದರ ದನಿಯೂ ಇಳಿಯುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಪಂಪ್‌ಸೆಟ್ಟುಗಳು ಓಡುವಾಗ ನಮ್ಮ ಆಧಾರ ಸ್ವರವಾದ ಷಡ್ಜ ಕುಸಿಯುವುದು ದಿನದ ಮಾತು. ಅಮ್ಮ ಹಾಡು ನಿಲ್ಲಿಸುತ್ತಿರಲಿಲ್ಲ, ಅದರ ಜೊತೆಗೇ ಇಳಿಯುತ್ತಿದ್ದರು. ಹತ್ತು ಮಾತ್ರೆ ಹಾಡುವುದರೊಳಗೆ ಹೊಸ ಶ್ರುತಿಗೆ ದನಿ ಕೂಡಿರುತ್ತಿತ್ತು.

ಆ ಬೇಸಿಗೆಯಲ್ಲಿ ಗಂಗಾಧರ ಒಂದೆರಡು ಸಲ ಹೇಳಿದ್ದ: "ಮೇಜು ಜುಂ ಅಂತೈತೆ ಸಾಹುಕಾರ್ರೆ."

"ಹಳೇ ಮೇಜು, ನಿನ್ ತಾಳ ಕೇಳಿ ಕೇಳಿ ಅದ್ಕೂ ರೋಮಾಂಚನ ಆಗ್ತೈತೆ" ಎಂದು ಶಿವನಂಜಪ್ಪನವರು ನಕ್ಕಿದ್ದರು. ನಾವೂ ನಕ್ಕಿದ್ದೆವು.

ಆ ದಿನ ಸೆಕೆ ತಾಳಲಾರದೆ ನೆಲಕ್ಕೆ ನೀರು ಚಿಮುಕಿಸಿದ್ದೆವು. ಅಮ್ಮ ತಾವೇ ರಚಿಸಿದ ಕಲ್ಯಾಣಿ ರಾಗದ ವರ್ಣದ ಪ್ರೂಫ್ ಹಾಡುತ್ತಿದ್ದರು. ಎರಡನೇ ಪುಸ್ತಕದ ಕೊನೆಯ ಪಾಠ ಅದು. ಶ್ರುತಿ ಏರಿತು. ಇಳಿಯುವುದನ್ನೇ ಕಂಡಿದ್ದ ನಮಗೆ ಅದು ತಮಾಷೆಯಾಗಿ ಕಂಡಿತು. ಸಾಲು ಮುಗಿದಾಗ ಅಮ್ಮ, "ಕರೆಂಟಿನೋರಿಗೆ ಇವತ್ತು ನಮ್ಮ ಮೇಲೆ ಪ್ರೀತಿ ಬಂದಿದೆ ಕಣೇ" ಎಂದು ಹೇಳಿ, ಹೊಸ ಷಡ್ಜಕ್ಕೆ ದನಿ ಸೇರಿಸಿ ಮುಂದುವರಿಸಿದರು. ಶ್ರುತಿ ಮತ್ತೆ ಏರಿತು. ಅವರೂ ಏರಿದರು. ಫ್ಯಾನು ಹಿಂದೆಂದೂ ಇಲ್ಲದ ವೇಗದಲ್ಲಿ ಸುತ್ತುತ್ತಿತ್ತು. ತೊಡೆಯ ಮೇಲಿನ ಹಸ್ತಪ್ರತಿ ಹಾರದಂತೆ ನಾನು ಮೊಣಕೈ ಊರಿದೆ. ಟ್ಯೂಬ್‌ಲೈಟು ಕಣ್ಣು ಚುಚ್ಚುವಷ್ಟು ಬೆಳ್ಳಗಿತ್ತು. ಇದಷ್ಟನ್ನೂ ನಾನು ಕಂಡೆ. ಕಂಡೂ ಮೂವರಿಗೂ ಹೊಳೆದದ್ದು ಒಂದೇ: ಶ್ರುತಿ ಏರಿದರೆ ಅದಕ್ಕೆ ಸೇರಬೇಕು. ಸಂಗೀತ ಗೊತ್ತಿಲ್ಲದ ಯಾರಾದರೂ ಅಲ್ಲಿದ್ದಿದ್ದರೆ ಸ್ವಿಚ್ ಆರಿಸುತ್ತಿದ್ದರು.

ತಾಳದ ಬೀಸು ಬಂತು. ಅದರ ಹಿಂದೆ ಬರಬೇಕಾದ ಪೆಟ್ಟು ಬರಲಿಲ್ಲ.

"ತಾಳ ಎಲ್ಲೋ ಗಂಗಾಧರ?" ಅಮ್ಮ ಪುಟದಿಂದ ಕಣ್ಣೆತ್ತದೆ ಕೇಳಿದರು.

ನಿಂತ ಸಾಲಿನ ಮೇಲೆ ಬೆರಳಿಟ್ಟುಕೊಂಡು ಅವರೇ ಮತ್ತೆ ಕೇಳಿದರು.

"ನಿದ್ದೆ ಬಂತೇನೋ? ಮಧ್ಯಾಹ್ನದ ಮುದ್ದೆ ಜಾಸ್ತಿಯಾಯ್ತಾ?"

ನಾನು ನಗುತ್ತಲೇ ಅವನ ಕಡೆ ತಿರುಗಿದೆ. ಅವನು ನಿಂತೇ ಇದ್ದ. ಬಲಗೈ ಮೇಜಿನ ಅಂಚನ್ನು ಕೆಳಗಿನಿಂದ ಹಿಡಿದಿತ್ತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಕುತ್ತಿಗೆಯ ನರಗಳು ಹುರಿಯಂತೆ ಎದ್ದಿದ್ದವು. ಕಣ್ಣು ನನ್ನನ್ನೇ ನೋಡುತ್ತಿತ್ತು. ನೋಡುತ್ತಿತ್ತು ಎಂಬುದು ನನಗೆ ಖಂಡಿತ ಗೊತ್ತು, ನನ್ನ ಮುಖದ ನಗುವನ್ನು ಅವನು ಕಂಡ. ಕಂಪ್ಯೂಟರಿನ ಪರದೆ ಢಂ ಎಂದು ಒಡೆದು ಹೊಗೆ ಬಂತು. ಶ್ರುತಿ ಪೆಟ್ಟಿಗೆ ಮಾತ್ರ ಇನ್ನೂ ಮೇಲೆ ಹೋಗುತ್ತಲೇ ಇತ್ತು.

ನಾನು ಎದ್ದು ಅವನ ತೋಳಿಗೆ ಕೈ ಚಾಚಿದೆ. ಅಮ್ಮ ನನ್ನ ಮಣಿಕಟ್ಟಿಗೆ ಬಲವಾಗಿ ಹೊಡೆದರು. "ಮುಟ್ಟಬೇಡ. ಅವನನ್ನ ಮುಟ್ಟಬೇಡ ಕಣೇ." ಗೋಡೆಗೆ ಒರಗಿಸಿದ್ದ ಖಾಲಿ ಕೇಸು ಕಣ್ಣಿಗೆ ಬಿತ್ತು, ಒಣಗಿದ ತೇಗದ ಮರದ್ದು. ಒದ್ದೆ ನೆಲ ಬಿಟ್ಟು ಬೆಂಚಿನ ಮೇಲೆ ಹತ್ತಿ ನಿಂತು ಅದನ್ನು ಇಬ್ಬರೂ ಎರಡು ತುದಿಗೆ ಹಿಡಿದು ಅವನ ಪಕ್ಕೆಗೆ ಕೊಟ್ಟು ನೂಕಿದೆವು. ಮೊದಲ ಸಲ ಕೈ ಬಿಡಲಿಲ್ಲ. ಎರಡನೇ ಸಲ ಅವನು ಕಾಗದದ ಬಂಡಲುಗಳ ಮೇಲೆ ಹೋಗಿ ಬಿದ್ದ. ನಾನು ಚಪ್ಪಲಿ ಮೆಟ್ಟಿ ಓಡಿ ಮೈನ್ ಸ್ವಿಚ್ ಎಳೆದೆ. ಆಗ ಶ್ರುತಿ ನಿಂತಿತು.

ಗಂಗಾಧರ ಉಸಿರಾಡುತ್ತಿರಲಿಲ್ಲ.

ಕಾಲೇಜಿನಲ್ಲಿ ಎನ್ನೆಸ್ಸೆಸ್ ಶಿಬಿರದಲ್ಲಿ ಎದೆ ಒತ್ತುವುದನ್ನು ತೋರಿಸಿದ್ದರು. ಆಗ ನಾವು ಹುಡುಗಿಯರು ಒಬ್ಬರನ್ನೊಬ್ಬರು ತಿವಿದು ನಕ್ಕಿದ್ದೆವು. ಈಗ ಮಂಡಿಯೂರಿ ಒತ್ತತೊಡಗಿದೆ. ಭಯಕ್ಕೆ ಕೈ ಎಲ್ಲೆಲ್ಲಿಗೋ ಓಡುತ್ತಿತ್ತು. ಪಕ್ಕದಲ್ಲಿ ಟಪ್, ಟಪ್ ಎಂದು ಸದ್ದು ಕೇಳಿತು. ಅಮ್ಮ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

"ಓಡಬೇಡ. ಎರಡನೇ ಕಾಲ. ನನ್ನ ಕೈ ಕೇಳಿಸ್ಕೊ, ಅಲ್ಲಿಗೇ ಒತ್ತು."

ಅವರ ದನಿ ಪಾಠ ಹೇಳುವ ದನಿಯೇ ಆಗಿತ್ತು. ಮುಖ ಮಾತ್ರ ಸುಣ್ಣದಂತೆ ಬಿಳಿಚಿತ್ತು. ನಾನು ಆ ತಾಳಕ್ಕೆ ಒತ್ತಿದೆ. ಎಷ್ಟು ಆವರ್ತ ಆಯಿತೋ ತಿಳಿಯದು. ಅವನ ಗಂಟಲಿನಿಂದ ಗೊರ್ ಎಂಬ ಸದ್ದು ಬಂತು, ಎದೆ ತಾನಾಗಿ ಎದ್ದಿತು. ಅಮ್ಮ ತಾಳ ನಿಲ್ಲಿಸಲಿಲ್ಲ. ಗೋದಾಮಿನಿಂದ ಶಿವನಂಜಪ್ಪನವರು ಓಡಿಬಂದು, ಕೊಬ್ಬರಿ ಚೀಲ ಇಳಿಸಿ ಅವನನ್ನು ಟೆಂಪೋದಲ್ಲಿ ಮಲಗಿಸುವ ತನಕವೂ ಅವರ ಕೈ ತೊಡೆಯ ಮೇಲೆ ಬೀಳುತ್ತಲೇ ಇತ್ತು.

ಅವನು ಬದುಕಿದ. ಹಾಸನದ ಆಸ್ಪತ್ರೆಯಲ್ಲಿ ಸುಟ್ಟ ಅಂಗೈಗೆ ತೊಡೆಯ ಚರ್ಮ ಹಾಕಿದರು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಒಳಕ್ಕೆ ಮಡಚಿಕೊಂಡವು. ತಾಳದ ಎಣಿಕೆ ಶುರುವಾಗುವುದೇ ಕಿರುಬೆರಳಿನಿಂದ.

ಕಾರಣವನ್ನು ಆಮೇಲೆ ಬಂದ ಎಲೆಕ್ಟ್ರಿಷಿಯನ್ ವಿವರಿಸಿದ. ಬೀದಿಯ ಕಂಬದಲ್ಲಿ ಕರೆಂಟು ಹಿಂದಿರುಗುವ ನ್ಯೂಟ್ರಲ್ ತಂತಿ ಸಡಿಲವಾಗುತ್ತಾ ಬಂದು ಕೊನೆಗೆ ಕಳಚಿಕೊಂಡಿತ್ತು. ವೋಲ್ಟೇಜು ಏರಿ ಬೀದಿಯ ಟಿ.ವಿ.ಗಳೆಲ್ಲ ಸುಟ್ಟಿದ್ದವು. ಜೀವಕ್ಕೆ ಕುತ್ತಾದದ್ದು ನಮ್ಮಲ್ಲಿ ಮಾತ್ರ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಹಿತ್ತಿಲಿನ ಅರ್ತಿಂಗ್ ಗುಂಡಿ ಒಣಗಿ ಕೆಲಸಕ್ಕೆ ಬಾರದಂತಾಗಿತ್ತು. ಹಿಂದೆ ಯಾರೋ ಅದರ ತಂತಿ ಬಿಚ್ಚಿ ಒಳಗೇ ನ್ಯೂಟ್ರಲಿಗೆ ಕಟ್ಟಿಬಿಟ್ಟಿದ್ದರು. ನ್ಯೂಟ್ರಲ್ ಕಳಚಿದ ಗಳಿಗೆಯಲ್ಲಿ ಕರೆಂಟು ಕಂಪ್ಯೂಟರಿನ ತಗಡಿಗೂ ಮೇಜಿಗೂ ಹರಿಯಿತು. ಮೇಜಿಗೆ ಬಣ್ಣ ಇಲ್ಲದ ಜಾಗ ಒಂದೇ ಇತ್ತು.

"ಜುಂ ಅಂತೈತೆ ಅಂದಿದ್ದ" ಎಂದರು ಶಿವನಂಜಪ್ಪನವರು, ಆ ಜಾಗವನ್ನೇ ನೋಡುತ್ತಾ. "ನಾನು ನಗಾಡ್ದೆ. ಗುಂಡಿಗೆ ಒಂದ್ ಕೊಡ ನೀರು ಹಾಕ್ಸೋದಿತ್ತು, ಅಷ್ಟೇ." ಹೊಸ ಗುಂಡಿ ತೋಡಿಸಿ ಇದ್ದಿಲು, ಉಪ್ಪು ತುಂಬಿಸಿದರು. ಅಂದಿನಿಂದ ಪ್ರತಿ ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ತಾವೇ ಕೊಡ ಹೊತ್ತು ಅದಕ್ಕೆ ನೀರು ಹೊಯ್ಯುತ್ತಿದ್ದರು. ಗೋದಾಮಿನ ಹಮಾಲಿಗಳು "ಸಾಹುಕಾರ್ರು ಅಭಿಷೇಕಕ್ಕೆ ಹೊಂಟ್ರು" ಎಂದು ಕಿಚಾಯಿಸಿದರೂ ಅವರು ನಗುತ್ತಿರಲಿಲ್ಲ.

ನನಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಶ್ರುತಿ ಏರುತ್ತಿತ್ತು. ನೆರೆಮನೆಯ ಮಿಕ್ಸಿಯ ದನಿ ಏರಿದರೂ ಎದ್ದು ನಿಲ್ಲುತ್ತಿದ್ದೆ. ಫ್ಯಾನು ತಿರುಗುತ್ತಿದ್ದರೆ ಅದರ ವೇಗ ಹೆಚ್ಚುತ್ತಿದೆಯೋ ಎಂದು ಆಲಿಸುತ್ತಾ ಮಲಗಿರುತ್ತಿದ್ದೆ. ಹಾಗಾಗಿ ಫ್ಯಾನು ಹಾಕಲು ಬಿಡಲೇ ಇಲ್ಲ. ಅತ್ತೆ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು.

ಅಮ್ಮ ಅಚ್ಚುಕೂಟಕ್ಕೆ ಬರುವುದನ್ನು ನಿಲ್ಲಿಸಿದರು. ಬೇಲೂರಿಗೆ ಹೋಗಿ ಕೇಳಿದೆ. "ಸಾಯ್ತಾ ಇರೋನಿಗೆ ಮುದ್ದೆ ಜಾಸ್ತಿಯಾಯ್ತಾ ಅಂದೆನಲ್ಲೇ" ಎಂದರು. "ಬಾಯಿ ತೆಗೆದ್ರೆ ಅದೇ ಬರುತ್ತೆ. ಹಾಡು ಬರೋಲ್ಲ." ಎರಡನೇ ಪುಸ್ತಕವನ್ನು ಹಾಡದೆಯೇ ಮುಗಿಸು ಎಂದುಬಿಟ್ಟರು.

ಹಾಡದೆ, ಕಣ್ಣಿನಲ್ಲೇ ಪ್ರೂಫ್ ನೋಡಿದೆ. ಮೊದಲ ಭಾಗದ ಹಾಳೆಗಳನ್ನು ಮಾದರಿಗೆಂದು ಒಬ್ಬ ಶಿಕ್ಷಕರಿಗೆ ಕಳಿಸಿದಾಗ, ಒಂದು ಪಾಠದ ಪ್ರತಿ ಸಾಲೂ ಏಳು ಎಣಿಕೆಗೆ ಮುಗಿಯುತ್ತದೆ ಎಂದು ಅವರು ಗುರುತು ಹಾಕಿ ಹಿಂದಿರುಗಿಸಿದರು. ನಕಲು ಮಾಡುವಾಗ ಕೊನೆಯ ಅಲ್ಪವಿರಾಮ ಬಿಟ್ಟುಹೋಗಿತ್ತು. ಎಷ್ಟೋ ಸಲ ನೋಡಿದ್ದ ನನ್ನ ಕಣ್ಣು ಇಲ್ಲದ ಅಲ್ಪವಿರಾಮವನ್ನು ಇದೆ ಎಂದೇ ಓದಿಕೊಂಡಿತ್ತು.

ಆ ಹಾಳೆ ಹಿಡಿದೇ ಹಳೇಬೀಡಿಗೆ ಹೋದೆ. ಗಂಗಾಧರನ ಹೆಂಡತಿ ಪುಟ್ಟಮ್ಮ ಬಾಗಿಲಲ್ಲೇ ತಡೆದಳು. "ನೋಡೋಕ್ ಬಂದ್ರೆ ಬನ್ನಿ ಅಕ್ಕ. ಕೆಲಸದ್ ಮಾತು ನಮ್ಮನೇಲಿ ಬ್ಯಾಡ. ಅಲ್ಲಿಗ್ ಮತ್ತೆ ಕಳ್ಸಾಕಿಲ್ಲ ನಾನು."

ನಾನು ಒಪ್ಪಿ ಒಳಗೆ ಹೋಗಿ ಕೂತೆ. ಅವನು ಜಗಲಿಯ ಕಂಬಕ್ಕೆ ಒರಗಿದ್ದ. ಎಡಗೈಯಲ್ಲಿ ನನ್ನ ಕೈಯ ಹಾಳೆ ಎಳೆದುಕೊಂಡು, ಗುರುತು ಹಾಕಿದ ಸಾಲನ್ನು ನೋಡಿ, ತೊಡೆ ತಟ್ಟಿ ಎಣಿಸಿ ನಕ್ಕ. "ಏನ್ ಅಕ್ಕಾ, ತಾಳಾನೇ ಕುಂಟು ಮಾಡ್ಬುಟ್ಟಿದ್ದೀಯಲ್ಲ. ನನ್ ಕೈಯೇ ವಾಸಿ." ಪುಟ್ಟಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ಅವನು ನಕ್ಕದ್ದನ್ನು ಅವಳು ಬಹಳ ದಿನಗಳಿಂದ ಕೇಳಿರಲಿಲ್ಲವಂತೆ. ಅವಳು ಕಣ್ಣೊರೆಸಿಕೊಂಡು ನನ್ನನ್ನು ಕೇಳಿದಳು, "ಆ ಮೇಜು ಇನ್ನೂ ಐತಾ ಅಲ್ಲಿ?"

ಇಲ್ಲ, ಗುಜರಿಗೆ ಹಾಕಿದೆವು ಎಂದೆ.

ಕೆಲವು ವಾರಗಳ ಮೇಲೆ ಬೇಲೂರಿನ ಬಸ್ಸಿನಿಂದ ಮೂವರು ಇಳಿದರು. ಮುಂದೆ ಗಂಗಾಧರ, ಅವನ ಹಿಂದೆ ಪುಟ್ಟಮ್ಮ, ಕೊನೆಗೆ ಅಮ್ಮ. ಇವರಿಬ್ಬರೂ ಬೇಲೂರಿಗೇ ಹೋಗಿ ಅಮ್ಮನನ್ನು ಎಬ್ಬಿಸಿಕೊಂಡು ಬಂದಿದ್ದರು. ಗಂಗಾಧರನ ಕಂಕುಳಲ್ಲಿ ಭಜನೆ ಮನೆಯ ಹಳೆಯ ಶ್ರುತಿ ಪೆಟ್ಟಿಗೆ ಇತ್ತು, ಕೈಯಿಂದ ಗಾಳಿ ಒತ್ತುವಂಥದ್ದು. ಪುಟ್ಟಮ್ಮ ಹೊಸ ಮರದ ಮೇಜನ್ನು ಸುತ್ತ ತಡವಿ ನೋಡಿದಳು. ನಾವು ಯಾರೂ ಚಪ್ಪಲಿ ಬಿಡಲಿಲ್ಲ. ಅಮ್ಮನೇ "ಮೆಟ್ಕೊಂಡಿರಿ" ಎಂದರು.

ಶ್ರುತಿಗೆ ನಾನು ಗಾಳಿ ಒತ್ತಿದೆ. ಅಮ್ಮ ಅದೇ ವರ್ಣ ಎತ್ತಿಕೊಂಡರು. ದನಿ ಒಡೆಯುತ್ತಿತ್ತು, ಆದರೂ ಹಾಡಿದರು. ಅಂದು ನಿಂತುಹೋದ ಸಾಲು ಬಂತು. ಬೀಸಿಗೆ ಮುಂಚೆಯೇ ಅಮ್ಮ ನಿಲ್ಲಿಸಿಬಿಟ್ಟರು. ಪುಟ್ಟಮ್ಮ ಗಂಡನ ಹೆಗಲ ಮೇಲೆ ಕೈ ಇಟ್ಟಳು.

ಗಂಗಾಧರ ತಾಳ ನಿಲ್ಲಿಸಲಿಲ್ಲ. ಮಡಚಿದ ಕಿರುಬೆರಳು ಎಣಿಕೆಗೆ ತಾಗುತ್ತಿರಲಿಲ್ಲ, ಆದರೂ ಅಲ್ಲಿಂದಲೇ ಶುರುಮಾಡುತ್ತಿದ್ದ. ಹೊಸ ಚರ್ಮದ ಅಂಗೈ ಮರದ ಮೇಲೆ ಮೆತ್ತಗೆ ಬೀಳುತ್ತಿತ್ತು. ಪೆಟ್ಟು, ಬೀಸು, ಪೆಟ್ಟು, ಬೀಸು. ಒಂದು ಆವರ್ತ ಬರಿದೇ ಹೋಯಿತು.

"ತಾಳ ಇಲ್ಲೈತೆ ಅಮ್ಮಾ" ಎಂದ. "ಹಾಡೆಲ್ಲಿ?"

ಅಮ್ಮ ಅವನನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಆವರ್ತಕ್ಕೆ ಸರಿಯಾಗಿ ಸೇರಿಕೊಂಡರು. ಆ ಪುಟದಲ್ಲಿ ಎರಡು ಚುಕ್ಕಿ ತಪ್ಪಿದ್ದವು. ಸಿಕ್ಕವು.

ಆ ಸಂಜೆ ಬಾಣಾವರದ ರೈಲು ಇಳಿದು ಮನೆಗೆ ಹೋಗಿ, ಊಟ ಮಾಡಿ, ಸುಮ್ಮನೆ ಬೆನ್ನು ಊರೋಣ ಎಂದು ಮಲಗಿದ್ದು ನೆನಪು. ಕಣ್ಣು ಬಿಟ್ಟಾಗ ಬಿಸಿಲು ಕಾಲಿನ ಮೇಲೆ ಬಿದ್ದಿತ್ತು. ಅತ್ತೆ ಅಂಗಳದಲ್ಲಿ ಯಾರಿಗೋ "ಮೆತ್ತಗೆ ಮಾತಾಡ್ರೀ, ಅವಳು ಮಲಗಿದ್ದಾಳೆ" ಎನ್ನುತ್ತಿದ್ದರು. ಮೇಲೆ ನೋಡಿದೆ. ಯಾರು ಯಾವಾಗ ಹಾಕಿದ್ದರೋ ಗೊತ್ತಿಲ್ಲ, ಫ್ಯಾನು ತಿರುಗುತ್ತಿತ್ತು.